ಹಲ್ಲು ನೋಡುವ ಶನಿವಾರ

ಟಣ್ ಅನ್ನುತ್ತದೆ ಈ ದೋಣಿ, ಬೆರಳ ಗೆಣ್ಣಿನಿಂದ ಬಡಿದರೆ, ಪಕ್ಕದ್ದು ದಪ್ಪಗೆ ದಣ್ ಅನ್ನುತ್ತದೆ, ಎರಡೂ ಅಲ್ಯೂಮಿನಿಯಂ, ಮೈ ಮಾತ್ರ ಬೇರೆ, ಮಾರುವವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೇಳುತ್ತಿದ್ದಾನೆ, ಚಪ್ಪಟೆ ತಳದ ದೋಣಿ ನಿಂತಾಗ ಅಲುಗುವುದಿಲ್ಲ ಆದರೆ ಓಡುವಾಗ ಅಲೆಗೆ ಬಡಿಯುತ್ತದೆ, ಚೂಪು ತಳದ್ದು ಅಲೆ ಸೀಳಿಕೊಂಡು ಹೋಗುತ್ತದೆ ಆದರೆ ನಿಂತಾಗ ಆ ಕಡೆ ಈ ಕಡೆ ವಾಲುತ್ತದೆ — ಬಡಿಯುವುದು ಗೊತ್ತಪ್ಪ ನನಗೆ, ನಮ್ಮ ಹಳೆಯ ದೋಣಿ ಚಪ್ಪಟೆಯದೇ, ಹೋದ ವರ್ಷ ಫ್ರೀಮ್ಯಾಂಟಲ್ ಬಂದರಿನ ಆಚೆ ಮಧ್ಯಾಹ್ನದ ಗಾಳಿ ಎದ್ದಾಗ ಒಂದು ಅಲೆ ಎತ್ತಿ ಕುಕ್ಕಿತು, ಹೆಂಡತಿ ಶ್ರೀಲಕ್ಷ್ಮಿಯ ಸೊಂಟ ಹಿಡಿದುಕೊಂಡಿತು, ತಿಂಗಳುಗಟ್ಟಲೆ ನರಳಿದಳು, ಈಗ ಸೊಂಟ ಸರಿಹೋಗಿದೆ ಆದರೆ ದೋಣಿ ಎಂದರೆ ಮುಖ ತಿರುಗಿಸುತ್ತಾಳೆ, ನಮ್ಮಿಬ್ಬರಲ್ಲಿ ಮೀನು ಹಿಡಿಯುವ ಕೈ ಅವಳದು, ನನ್ನದು ಬರೀ ಗಾಳದ ಸಿಕ್ಕು ಬಿಡಿಸುವ ಕೈ, ಒಬ್ಬನೇ ಹೋಗಿ ಏನು ಮಾಡಲಿ, ಅವಳಿಲ್ಲದೆ ನೀರಿನ ಮೇಲೆ ಬೇಜಾರು, ತುಂಬಾ ಬೇಜಾರು, ಹೊಸ ದೋಣಿಗಾದರೂ ಹತ್ತುತ್ತಾಳೋ ಇಲ್ಲವೋ, ಅದಕ್ಕೇ ಬೆಳಿಗ್ಗೆ ದೋಸೆ ತಿನ್ನುವಾಗ ಮೆಲ್ಲಗೆ ಅಂದೆ, ಹಲ್ಲು ನೋಡ್ಬೇಕು ಕಣೇ, ನೀನೂ ಬಾ — ದೋಣಿಯ ಒಡಲಿಗೆ ಇಲ್ಲಿ ಹಲ್ ಅನ್ನುತ್ತಾರೆ, ಪರ್ತ್ ಸಿಟಿಯ ಆಫೀಸಿನಲ್ಲಿ ಎಷ್ಟು ವರ್ಷ ಇಂಗ್ಲಿಷ್ ಆಡಿದರೂ ಈ ಮೈಸೂರು ನಾಲಿಗೆಗೆ ಕೊನೆಯಲ್ಲೊಂದು ಉ ಸೇರಿಸದೆ ಸಮಾಧಾನವಿಲ್ಲ, ಅವಳು ಪಾಪ, ಕರ್ಚೀಫಿನಲ್ಲಿ ಲವಂಗ ಕಟ್ಟಿಕೊಂಡು ಕಾರು ಹತ್ತಿದಳು, ಫ್ರೀವೇಯಲ್ಲಿ ಕೇಳುತ್ತಾಳೆ, ರೀ, ಯಾವ ಕಡೆ ನೋಯ್ತಿದೆ, ಏನು ನೋಯೋದು, ಹಲ್ಲು ಅಂದ್ರಲ್ಲ, ಅಯ್ಯೋ ದೋಣೀದು ಕಣೇ — ದೋಣಿ ಅಂಗಡಿಗೆ ಬಂದ ಮೇಲೂ ಕಾರಿನಿಂದ ಇಳಿಯಲಿಲ್ಲ, ಲವಂಗ ತಾನೇ ಬಾಯಿಗೆ ಹಾಕಿಕೊಂಡು ಕೂತಿದ್ದಾಳೆ, ಇರಲಿ, ಸಿಟ್ಟಿನಲ್ಲಾದರೂ ಬಂದಿದ್ದಾಳಲ್ಲ.

ಮೂರನೆಯದೊಂದಿದೆ ಅನ್ನುತ್ತಾನೆ ಇವನು, ಮುಂದೆ ಚೂಪು, ಹಿಂದೆ ಬರುತ್ತಾ ಅಗಲ, ಎರಡರ ಗುಣವೂ ಸ್ವಲ್ಪ ಸ್ವಲ್ಪ, ಬಗ್ಗಿ ಟ್ರೇಲರಿನ ಕೆಳಗೆ ತೂರುತ್ತೇನೆ, ಬೆಸುಗೆಯ ಗೆರೆಯುದ್ದಕ್ಕೂ ಕೈಯಾಡಿಸುತ್ತೇನೆ, ನುಣುಪಾಗಿದೆ, ಚೆನ್ನಾಗಿದೆ, ಆದರೆ ಅವಳ ಭಯ ಈ ತಗಡಿಗೇನು ಗೊತ್ತು, ಅಷ್ಟರಲ್ಲಿ ಕಾರಿನ ಬಾಗಿಲಿನ ಸದ್ದು, ಬಂದಳೆ, ಬಂದಳು, ತಲೆ ಹೊರಗೆ ಹಾಕಲು ಧೈರ್ಯವಿಲ್ಲ, ಇಲ್ಲಿಂದ ಕಾಣುವುದು ಅವಳ ಪಾದ ಮಾತ್ರ, ಒಂದು ಸುತ್ತು ಬಂದವು, ನಿಂತವು, ರೀ, ಇದರಲ್ಲಿ ಕೂರೋದೆಲ್ಲಿ, ದಪ್ಪ ಮೆತ್ತೆ ಹಾಕ್ಕೊಡ್ತಾರಾ ಕೇಳಿ — ಕೇಳುತ್ತೇನೆ ತಾಯಿ, ಎಲ್ಲ ಕೇಳುತ್ತೇನೆ, ಏಣಿ ಕಿರ್ ಅಂದಿತು, ದೋಣಿ ಒಂದಿಷ್ಟು ತಗ್ಗಿತು, ಮಾರುವವನು ಅದೆಲ್ಲ ಬೇಕಿಲ್ಲ ಮೇಡಂ ಅನ್ನುತ್ತಿದ್ದಾನೆ, ಯಾವುದು ಬೇಕಿಲ್ಲ ಎಂದು ನೋಡಿದರೆ ಚಕ್ರದ ಪಕ್ಕ ಅವಳ ಚಪ್ಪಲಿ, ಹೊಸಿಲ ಮುಂದೆ ಬಿಡುವ ಹಾಗೆ ಜೋಡಿಸಿ ಬಿಟ್ಟ ಚಪ್ಪಲಿ, ಅವಳು ಒಳಗೆ, ಚಪ್ಪಲಿ ಹೊರಗೆ, ಚಪ್ಪಲಿ —