ದ್ರಾಕ್ಷಿಗೆ ಅರವತ್ತೊಂಬತ್ತು

ಮರ್ಗಿಲಾನ್ ಪಟ್ಟಣದ ಶಾಲೆಯಲ್ಲಿ ಮೂರನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದ ಓಯ್ದಿನ್‌ಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಮಾರ್ಚಿನಲ್ಲಿ ಗಟ್ಟಿ ಮನಸ್ಸು ಮಾಡಿ ಫರ್ಗಾನಾದ ವೈದ್ಯೆಯೊಬ್ಬರ ಬಳಿ ಹೋದಳು. ವೈದ್ಯೆ ಅವಳ ತೂಕ ನೋಡಿ, "ಎಂಬತ್ತಾರು ಕಿಲೋ. ಹದಿನಾಲ್ಕು ಇಳಿಸ್ಕೊಂಡು ಬನ್ನಿ, ಆಮೇಲೆ ಚಿಕಿತ್ಸೆ ಮಾತು. ಅಷ್ಟರಲ್ಲಿ ನಿಮ್ಮ ಯಜಮಾನ್ರದೂ ಪರೀಕ್ಷೆ ಆಗ್ಲಿ," ಎಂದು ಎರಡು ಹಾಳೆ ಕೊಟ್ಟರು. ಒಂದು, ಗಂಡ ಸೊಬಿರ್‌ನ ಪರೀಕ್ಷೆಯ ಚೀಟಿ. ಇನ್ನೊಂದು ಹಣ್ಣು ತರಕಾರಿಗಳ ಪಟ್ಟಿ. ನೂರು ಗ್ರಾಮಿಗೆ ಎಷ್ಟೆಷ್ಟು ಕ್ಯಾಲೊರಿ ಎಂದು.

ಏಪ್ರಿಲಿನಲ್ಲಿ ಸೊಬಿರ್ ಹೋಗಿ ಬಂದ. ಬಾಗಿಲಲ್ಲೇ ಕೇಳಿದಳು. "ಎಲ್ಲ ಸರಿಯಿದೆಯಂತೆ," ಎಂದ, ಬಗ್ಗಿ ಬೂಟಿನ ದಾರ ಬಿಚ್ಚುತ್ತ.

ಅಲ್ಲಿಗೆ ತಪ್ಪು ತನ್ನ ಮೈಯದ್ದೇ ಎಂದಾಯಿತು. ಓಯ್ದಿನ್ ರೊಟ್ಟಿ ಬಿಟ್ಟಳು, ಪಲಾವು ಬಿಟ್ಟಳು. ಹಣ್ಣು ತಾನೇ ಎಂದು ಒಣ ಜರ್ದಾಳು, ಅಂಗಳದ ಹಿಪ್ಪುನೇರಳೆ ತಿಂದು ಹೊಟ್ಟೆ ತುಂಬಿಸಿಕೊಂಡಳು. ಮೇ ಕೊನೆಗೆ ತೂಕ ಇಳಿಯುವುದಿರಲಿ, ಅರ್ಧ ಕಿಲೋ ಏರಿತ್ತು. ಪಟ್ಟಿ ತೆಗೆದು ನೋಡಿದರೆ ಒಣ ಜರ್ದಾಳಿಗೆ ಇನ್ನೂರ ನಲವತ್ತೊಂದು! ಅಂದಿನಿಂದ ತೂಗದೆ ಏನನ್ನೂ ಬಾಯಿಗಿಡಲಿಲ್ಲ. ಸೌತೆಗೆ ಹದಿನೈದು, ಟೊಮೆಟೊಗೆ ಹದಿನೆಂಟು, ಕ್ಯಾರೆಟ್ಟಿಗೆ ನಲವತ್ತೊಂದು. ಮಗ್ಗಿಯಂತೆ ಬಾಯಿಪಾಠವಾಯಿತು.

ಅತ್ತೆ ಹಾಕಿಮಾ ಅದರ ಮೇಲ್ವಿಚಾರಣೆಗೆ ನಿಂತರು. ಆಗಸ್ಟಿನಲ್ಲಿ ಬೀದಿಯ ಹೆಂಗಸರು ಚಹಾಕ್ಕೆ ಬಂದಾಗ ಕರ್ಬೂಜ ಕೊಯ್ಯುತ್ತಿದ್ದವನು ಸೊಬಿರ್.

"ಇವಳಿಗೆ ತೆಳ್ಳಗೆ ಕೊಯ್ಯೋ," ಎಂದರು ಅತ್ತೆ. "ಹೊಟ್ಟೆ ತುಂಬ ಕೊಬ್ಬೇ ಇದ್ರೆ ಮಗು ಎಲ್ಲಿ ಕೂತ್ಕೋಬೇಕು, ಪಾಪ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಸೊಬಿರ್ ತಲೆಯೆತ್ತದೆ ಚಾಕು ಒರೆಸಿದ. ಓಯ್ದಿನ್ ತನ್ನ ಹೋಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ತೂಗಿದಳು.

ಸೆಪ್ಟೆಂಬರಿನಲ್ಲಿ ಪಾಠ ಮಾಡುತ್ತಿದ್ದವಳು ಬೋರ್ಡಿನ ಮುಂದೆಯೇ ಕುಸಿದಳು. ಮನೆಗೆ ಕರೆತಂದ ಸೊಬಿರ್ ಚಪ್ಪರದಿಂದ ಒಂದು ಗೊಂಚಲು ಕಿತ್ತು ತಂದು ಪಕ್ಕದಲ್ಲಿ ಕೂತ.

"ತಿನ್ನು. ಒಂದಿನಕ್ಕೆ ಏನೂ ಆಗಲ್ಲ."

"ದ್ರಾಕ್ಷಿಗೆ ಅರವತ್ತೊಂಬತ್ತು ರೀ."

"ಓಯ್ದಿನ್, ಒಂದ್ಮಾತು..."

ಅಷ್ಟರಲ್ಲಿ ಒಳಗಿನಿಂದ ತಾಯಿ ಕೂಗಿದರು. ಅವನು ಎದ್ದು ಹೋದ. ಅವಳು ಹನ್ನೊಂದು ದ್ರಾಕ್ಷಿ ಎಣಿಸಿ ತಿಂದು, ರಾತ್ರಿಯ ಊಟ ಬಿಟ್ಟಳು.

ನವೆಂಬರಿನಲ್ಲಿ ಎಪ್ಪತ್ತೆರಡಕ್ಕೆ ಇಳಿದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು, ಬಾಚಣಿಗೆ ತುಂಬ ಕೂದಲು. ಆದರೂ ಪರೀಕ್ಷೆ ಪಾಸಾದ ಹುಡುಗಿಯಂತೆ ಫರ್ಗಾನಾಕ್ಕೆ ಹೋದಳು.

"ಯಜಮಾನ್ರು ಬರ್ಲಿಲ್ವಾ?" ಎಂದರು ವೈದ್ಯೆ, ಕಡತ ತಿರುವುತ್ತ.

"ಅವರದ್ದೆಲ್ಲ ಸರಿಯಿದೆಯಲ್ಲ."

ವೈದ್ಯೆ ಕನ್ನಡಕ ತೆಗೆದಿಟ್ಟರು. "ಯಾರು ಹೇಳಿದ್ದು? ಏಪ್ರಿಲಲ್ಲೇ ಎದುರಿಗೆ ಕೂರಿಸ್ಕೊಂಡು ಹೇಳಿದ್ದೆ. ಅವರಲ್ಲಿ ವೀರ್ಯಾಣುವೇ ಇಲ್ಲ. ಹೆಂಡ್ತೀನ ಕರ್ಕೊಂಡು ವಾರದೊಳಗೆ ಬನ್ನಿ ಅಂದಿದ್ದೆ."

"ಹಾಗಾದ್ರೆ ನನ್ನ ತೂಕ?"

"ಇಳಿಸಿದ್ದು ಒಳ್ಳೇದೇ, ಇಷ್ಟು ಉಪವಾಸ ಬೇಕಿರ್ಲಿಲ್ಲ. ಆದ್ರೆ ಮಗು ಆಗದೇ ಇದ್ದದ್ದು ಅದರಿಂದಲ್ಲ ತಾಯೀ."

ಮನೆಗೆ ಬಂದಾಗ ತಾಯಿ ಮಗ ಇಬ್ಬರೂ ಅಂಜೂರದ ಗಿಡವನ್ನು ಬಗ್ಗಿಸಿ, ಚಳಿಗೆ ಸಾಯದಂತೆ ಮಣ್ಣು ಮುಚ್ಚುತ್ತಿದ್ದರು.

"ಏಪ್ರಿಲಲ್ಲೇ ಗೊತ್ತಿತ್ತಲ್ಲ ನಿಮಗೆ," ಎಂದಳು ಓಯ್ದಿನ್.

ಸೊಬಿರ್‌ನ ಕೈಯ ಸಲಿಕೆ ನಿಂತಿತು. ಮಾತಾಡಿದವರು ಅತ್ತೆ. "ಗಂಡಸಿನ ಮಾನ ಅದು. ಡಂಗುರ ಹೊಡೀಬೇಕಿತ್ತಾ?"

"ನಿಮಗೂ ಗೊತ್ತಿತ್ತಾ, ಓಯಿ?" ಒಂಬತ್ತು ವರ್ಷ ಅವರನ್ನು ಹಾಗೆಯೇ, ಅಮ್ಮಾ ಎಂದೇ ಕರೆದಿದ್ದಳು. "ಗೊತ್ತಿದ್ದೂ ನನ್ನ ಕರ್ಬೂಜದ ಹೋಳಿನ ಮೇಲೆ ಕಣ್ಣಿಟ್ರಾ?"

"ಹೆಂಗಸ್ರು ಕೇಳ್ತಿದ್ರು. ಏನಾದ್ರೂ ಹೇಳ್ಬೇಕಿತ್ತಲ್ಲ. ತೆಳ್ಳಗಾದೆ, ನಿಂಗೇನು ನಷ್ಟ ಆಯ್ತು?"

ಓಯ್ದಿನ್ ಗಂಡನ ಕಡೆ ತಿರುಗಿದಳು. "ಅದೇ ಹೆಂಗಸ್ರ ಮುಂದೆ ನಿಜ ಹೇಳಿ. ಅಷ್ಟು ಮಾಡಿದ್ರೆ ಈ ಮನೇಲಿ ಇರ್ತೀನಿ. ಮಕ್ಕಳಿಲ್ದೇನೂ ಇರ್ತೀನಿ."

"ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳು," ಎಂದ ಸೊಬಿರ್. ಅವನ ಕಣ್ಣು ತುಂಬಿತ್ತು. ಅವಳಿಗೆ ಕನಿಕರವೂ ಹುಟ್ಟಲಿಲ್ಲ.

ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಕೊಕಂದಿನಲ್ಲಿದ್ದ ಅಣ್ಣನ ಮನೆಗೆ ಹೊರಟಳು. ಬಾಗಿಲು ತೆರೆದ ಅತ್ತಿಗೆ ಮೇಲಿಂದ ಕೆಳಗೆ ನೋಡಿ, "ಅಬ್ಬಾ, ಎಷ್ಟು ಚೆನ್ನಾಗಿ ಇಳ್ದಿದ್ದೀಯೇ! ಏನು ತಿಂತೀಯ, ನಂಗೂ ಹೇಳಿಕೊಡು," ಎಂದು ಒಳಗೆ ಕರೆದು ಚಹಾ ಬಗ್ಗಿಸಿದಳು.

ಓಯ್ದಿನ್ ನಡೆದದ್ದನ್ನೆಲ್ಲ ಹೇಳಿದಳು, ವೈದ್ಯೆಯ ಮಾತನ್ನೂ ಬಿಡದೆ. ಅತ್ತಿಗೆ ಬಟ್ಟಲನ್ನು ಕೆಳಗಿಟ್ಟು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು.

"ನಿನ್ನ ಅತ್ತೆ ಆಗ್ಲೇ ಫೋನ್ ಮಾಡಿದ್ರು," ಎಂದಳು ದನಿ ತಗ್ಗಿಸಿ. "ಪಾಪ, ಅಷ್ಟು ತೂಕ ಇಳಿಸಿದ್ರೂ ಮಗು ಆಗ್ಲಿಲ್ಲ, ತಲೆ ಕೆಟ್ಟಂಗಾಗಿದೆ, ಸ್ವಲ್ಪ ದಿನ ಇಟ್ಕೊಳ್ಳಿ ಅಂದ್ರು. ನೋಡು, ನಮ್ಮ ಹತ್ರ ಅಂದಿದ್ದಾಯ್ತು. ಹೊರಗೆ ಮಾತ್ರ ಗಂಡನ ಮೇಲೆ ಹೀಗೆಲ್ಲ ಹೊರಿಸ್ಬೇಡ ಕಣೇ. ಯಾರೂ ನಂಬಲ್ಲ."