ಹಳದಿ ಕಾರ್ಡು

ಆಫ್ರಿಕಾದಿಂದ ಬಂದ ವಿಡಿಯೊ ಕರೆಯಲ್ಲಿ ಗಂಡನ ಮುಖ ಕಂಡೊಡನೆ ಖಾಜಾಬಿ ಮಗ್ಗ ನಿಲ್ಲಿಸಿದಳು. ಅಕ್ಬರಸಾಬನ ಕಣ್ಣುಗಳು ಅರಿಷಿಣ ತೊಡೆದಂತೆ ಹಳದಿಯಾಗಿದ್ದವು. ಒಸಡಿನಿಂದ ರಕ್ತ ಜಿನುಗುತ್ತಿತ್ತು.

"ಏನಾಗೇತ್ರಿ ನಿಮಗ?"

"ಜ್ವರ. ಆರು ದಿನಾತು. ಸೂಜಿ ಹಾಕಿಸಿಲ್ಲೇನು ಅಂತ ಡಾಕ್ಟರು ಕೇಳ್ತಾರ. ಸೂಜಿ ಹಾಕಿಸಿದ ಹಳದಿ ಕಾರ್ಡ್ ತೋರಿಸಿದ್ರ ನಂಬವಲ್ರು."

ಮೂರನೆಯ ದಿನ ಅವನ ಜೊತೆಗಾರ ದ್ಯಾವಪ್ಪ ಫೋನ್ ಮಾಡಿದ. ಅಕ್ಬರಸಾಬ ತೀರಿಕೊಂಡಿದ್ದ. ಕಂಪನಿಯವರು ಹೆಣ ಊರಿಗೆ ಕಳಿಸಲಿಲ್ಲ; ಅದೇ ಸಂಜೆ ಅಲ್ಲೇ ಮಣ್ಣು ಮಾಡಿಸಿದರು.

"ತಂಗೀ, ಬಂದಿದ್ದು ಹಳದಿ ಜ್ವರ," ದ್ಯಾವಪ್ಪ ಅಳುತ್ತಿದ್ದ. "ಖರೇ ಸೂಜಿ ಬಿದ್ದಿದ್ರ ಬದಕ್ತಿದ್ದ ಅಂದ್ರು. ನಮ್ಮ ಕಾರ್ಡಿನ ಮ್ಯಾಲೆ ಯಾವ ದವಾಖಾನಿ ಶಿಕ್ಕಾ ಒತ್ಯಾರಲ್ಲ, ಆ ದವಾಖಾನಿನ ಎಲ್ಲೂ ಇಲ್ಲಂತ."

ಗಜೇಂದ್ರಗಡದ ಕಲ್ಲುಗಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದವನನ್ನು ಆಫ್ರಿಕಾದ ಬೋರ್‌ವೆಲ್ ಕೆಲಸಕ್ಕೆ ಕಳಿಸಿದವನು ರೋಣದ ಏಜೆಂಟ್ ಅಮರೇಶ. ಆ ದೇಶಕ್ಕೆ ಕಾಲಿಡಲು ಹಳದಿ ಜ್ವರದ ಸೂಜಿ ಕಡ್ಡಾಯ. ಅದನ್ನು ಹಾಕುವುದು ದೂರದ ದೊಡ್ಡ ಊರುಗಳ ಕೆಲವೇ ಕೇಂದ್ರಗಳಲ್ಲಿ. "ಅಷ್ಟು ದೂರ ಯಾಕ ಅಡ್ಡಾಡ್ತೀರಿ? ನಮ್ಮ ಆಫೀಸಿನ್ಯಾಗ ಹಾಕಸ್ತೀನಿ," ಎಂದಿದ್ದ ಅಮರೇಶ. ಗಂಡ ತೋಳು ಚಾಚಿ ಕೂತದ್ದನ್ನು ಖಾಜಾಬಿ ಕಣ್ಣಾರೆ ಕಂಡಿದ್ದಳು.

"ಗಂಡ ಸತ್ತಾಕಿ ನೀ, ನಾಕ ತಿಂಗಳ ಹತ್ತ ದಿನದ ಇದ್ದತ್ ಮುಗಿಯೋತನಕ ಹೊಸ್ತಿಲ ದಾಟಬ್ಯಾಡ," ಅತ್ತೆ ಮಾಬೂಬಿ ತಡೆದಳು.

"ನಾ ಕೇಳದಿದ್ರ ಮತ್ತ್ಯಾರು ಕೇಳ್ತಾರ ಅತ್ತಿ?"

ಅಳುವುದಕ್ಕೂ ತ್ರಾಣವಿರಲಿಲ್ಲ. ಆದರೂ ರೋಣದ ಬಸ್ಸು ಹತ್ತಿದಳು.

ಅಮರೇಶನ ಆಫೀಸಿನಲ್ಲಿ ಐದು ಜನ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಸಾಲಾಗಿ ಕೂತಿದ್ದರು. ಬಿಳಿ ಕೋಟಿನವನೊಬ್ಬ ಸೂಜಿಗೆ ಔಷಧಿ ಎಳೆಯುತ್ತಿದ್ದ. ಖಾಜಾಬಿ ಸಾಲಿನ ಮುಂದೆ ಹೋಗಿ ನಿಂತಳು.

"ಅಣ್ಣಾರ, ತಡೀರಿ. ಇಲ್ಲೇ ಸೂಜಿ ಹಾಕಿಸ್ಕೊಂಡ ಹೋದ ನನ್ನ ಗಂಡ ಹಳದಿ ಜ್ವರದಿಂದನ ಸತ್ತ."

ಅಮರೇಶ ಮೆಲ್ಲಗೆ ಎದ್ದುಬಂದ. "ನೋಡವ್ವಾ, ದುಃಖದಾಗ ಏನೇನರ ಮಾತಾಡಬ್ಯಾಡ. ಕಾರ್ಡಿನ ಮ್ಯಾಲೆ ಸಹಿ ನಿನ್ನ ಗಂಡಂದೈತಿ. ಖೋಟಾ ಕಾರ್ಡ್ ತೋರಿಸಿ ವಿಮಾನ ಹತ್ತಿದಾಂವ ಅಂವ. ಕೇಸ್ ಆದ್ರ ಅವನ ಮ್ಯಾಲೇ ಆಕ್ಕೈತಿ."

ಖಾಜಾಬಿ ಅವನ ಮುಖವನ್ನೇ ನೋಡಿದಳು.

"ಕಾರ್ಡು ಖೋಟಾ ಅಂತ ನಾ ಇನ್ನೂ ಹೇಳೇ ಇಲ್ಲಲ್ರಿ."

ಸಾಲಿನಲ್ಲಿದ್ದ ಮುಶಿಗೇರಿಯ ಈಶಪ್ಪ ಅಂಗಿಯ ತೋಳು ಇಳಿಸಿಕೊಂಡ. ಮೇಜಿನ ಮೇಲಿನ ಔಷಧಿಯ ಬಾಟಲಿ ತೆಗೆದು ಜೇಬಿಗಿಟ್ಟ.

"ನಮ್ಮ ಪಾಸ್‌ಪೋರ್ಟ್ ಕೊಡ್ರಿ."

"ಹೊರಗ ಹೋದ್ರ ಕೆಲಸಾ ಹೋತು ಅಂತ ತಿಳ್ಕೊ."

"ಹೋಗ್ಲಿ. ಕೊಡ್ರಿ."

ಇನ್ನೂ ಮೂವರು ಎದ್ದರು. ಅಮರೇಶ ಡ್ರಾವರ್ ತೆಗೆದು ನಾಲ್ಕು ಪಾಸ್‌ಪೋರ್ಟ್ ಎಸೆದ. ಐದನೆಯವನು ಮಾತ್ರ ಏಳಲಿಲ್ಲ. "ನನಗ ಹೋಗಲೇಬೇಕವ್ವಾ," ಎಂದು ತಲೆ ತಗ್ಗಿಸಿ ತೋಳು ಚಾಚಿದ. ಖಾಜಾಬಿ ಬೇಡಿಕೊಂಡಳು. ಅವನು ತಲೆಯೆತ್ತಲಿಲ್ಲ.

ನಾಲ್ವರನ್ನು ಕರೆದುಕೊಂಡು ಅವಳು ಪೊಲೀಸ್ ಠಾಣೆಗೆ ನಡೆದಳು. ಬಾಗಿಲ ಬಳಿ ಈಶಪ್ಪ ತಡೆದು ಕೇಳಿದ.

"ತಂಗೀ, ಅಂವ ಹೇಳಿದ್ಹಂಗ ನಿನ್ನ ಗಂಡನ ಮ್ಯಾಲೇ ಕೇಸ್ ಆದ್ರ?"

"ಆಗ್ಲಿ ಅಣ್ಣಾ. ಕೇಸ್ ನಡೀಬೇಕಂದ್ರ ನನ್ನ ಗಂಡನ್ನ ಕೋರ್ಟಿಗೆ ಹಾಜರ ಮಾಡಬೇಕಲ್ಲ. ಮಾಡ್ಲಿ. ಸತ್ತ ಮ್ಯಾಲೆ ನನಗಂತೂ ಅವನ ಮುಖಾ ಸೈತ ತೋರಿಸಲಿಲ್ಲ."

ಹೀಗೆಂದು ಅವಳೇ ಮೊದಲು ಒಳಗೆ ಹೋದಳು.