ತೊಲಿ ಮ್ಯಾಲಿನ ಕೈ

ನನ್ನ ಗಂಡಂದು ಒಂದು ಫೋಟೋ ಇಲ್ಲ. ಮದುವ್ಯಾಗ ತಗಿಸಲಿಲ್ಲ, ಸತ್ತಾಗ ಯಾರಿಗೂ ನೆನಪಾಗಲಿಲ್ಲ. ರೇಶನ್ ಕಾರ್ಡಿನ್ಯಾಗ ಹೆಸರಿತ್ತು, ಅದಕ್ಕೂ ಗೀಟು ಹೊಡದ್ರು. ಉಳಿದಿದ್ದು ಅಂದ್ರ ಒಂದ: ಕಲ್ಲೇಶ್ವರ ಗುಡಿ ಮಂಟಪದ ತೊಲಿ ಮ್ಯಾಲೆ ಅವನ ಬಲಗೈ. ಸುಣ್ಣದಾಗ ಅದ್ದಿ ಒತ್ತಿದ ಕೈ, ಕಿರಿಬೆರಳು ಅರ್ಧ. ಅದರ ಕಥಿ ಹೇಳತೇನಿ, ನಡಕ ಬಾಯಿ ಹಾಕಬ್ಯಾಡ್ರಿ. ನನಗ ಸಿಟ್ಟು ಲಗೂ ಬರ್ತೈತಿ.

ನಾ ಹೊಳಿಯವ್ವ. ನಮ್ಮೂರು ರಾಣೆಬೆನ್ನೂರಿಂದ ಬಸ್ಸಿಗೆ ಮುಕ್ಕಾಲು ತಾಸು. ಗುಡಿ ಸುತ್ತ ಪೌಳಿ ಐತಿ, ಅಂದ್ರ ಉದ್ದಕ ಕಲ್ಲಿನ ಪಡಸಾಲಿ. ಅದರಾಗ ನಮ್ಮದೂ ಹಿಡಿದು ಹನ್ನೊಂದು ಮನಿ ಇದ್ದುವು. ನಮ್ಮತ್ತಿ ಅಲ್ಲೇ ಹಡದಾಳ, ನಾನೂ ಅಲ್ಲೇ ಹಡದೇನಿ. ಒಂದು ಕಂಬಕ್ಕ ಎಮ್ಮಿ, ಇನ್ನೊಂದು ಕಂಬಕ್ಕ ನನ್ನ ಮಗ ಮಾಲತೇಶನ ತೊಟ್ಟಿಲ ಜೋಳಿಗಿ. ಗುಡಿ ಕಸಾ ಹೊಡಿಯೂದು, ಅಂಗಳಾ ಸಾರಿಸೂದು, ದೀಪಾ ಹಚ್ಚೂದು ಎಲ್ಲಾ ಪಾಳಿ ಮ್ಯಾಲೆ. ಎಂಟುನೂರು ವರ್ಷದ ಗುಡಿ ಅಂತ ಈಗ ಬೋರ್ಡಿನ್ಯಾಗ ಬರದಾರ. ಆ ಎಂಟುನೂರು ವರ್ಷ ದೀಪಾ ಯಾರು ಹಚ್ಚಿದ್ರು ಅಂತ ಬರದಿಲ್ಲ.

ಎಂಬತ್ತರ ಸುಮಾರಿಗೆ ಮಂದಿ ಬರಾಕ ಹತ್ತಿದ್ರು. ಮೊದಲು ಸಾಲಿ ಹುಡುಗೂರು, ಆಮ್ಯಾಲೆ ಹಂಪಿ ನೋಡಿಕೊಂಡು ಬಂದ ಕೆಂಪು ಮಾರಿ ಫಾರಿನ್‌ದವ್ರು. ಬಂದವರಿಗೆಲ್ಲ ಮಜ್ಜಿಗಿ ಕೊಡ್ತಿದ್ವಿ. ದೇವರ ಅಂಗಳಕ್ಕ ಬಂದವರನ್ನ ಒಣಬಾಯಿಲೆ ಹ್ಯಾಂಗ ಕಳಸೂದು? ಅವರು ಬಸವಣ್ಣನ ಫೋಟೋನೂ ಹೊಡಕೋತಿದ್ರು, ನನ್ನ ಎಮ್ಮೀದೂ ಹೊಡಕೋತಿದ್ರು. ನನಗ ಹೆಮ್ಮಿ ಆಗ್ತಿತ್ತು, ಖರೇ ಹೇಳತೇನಿ.

ಎಂಬತ್ತೈದರಾಗ ಊರ ಲೆಕ್ಕಾ ನೋಡೋ ತಲಾಠಿ ಬಂದು ಹೇಳಿದ: "ಬೆಂಗಳೂರಿಂದ ದೊಡ್ಡ ಸಾಹೇಬ್ರು ಬರಾಕತ್ಯಾರ. ಗುಡಿ ಹ್ಯಾಂಗ ಇಟ್ಟೀರಿ ಅಂತ ನೋಡಿ, ನಿಮ್ಮನ್ನ ಇಲ್ಲೇ ಬಿಡೂದೋ ತಗಿಯೂದೋ ಬರಕೋತಾರ."

ಹನ್ನೊಂದು ಮನಿಯವ್ರೂ ಗುಡಿ ಕಟ್ಟಿ ಮ್ಯಾಲೆ ಕುಂತ್ರು. ನಾನ ಅಂದೆ, ಎಲ್ಲಾರಿಗಿಂತ ಮೊದಲು ನಾನ: "ಹಬ್ಬಕ್ಕ ಬೀಗರು ಬರ್ತಾರಂದ್ರ ಮನಿ ಏನ್ ಮಾಡ್ತೀವಿ? ಸುಣ್ಣಾ ಬಳೀತೀವಿ. ಗುಡಿಗೂ ಬಳದ್ರಾತು. ಇವ್ರು ಗುಡಿ ಎಷ್ಟು ಛಲೋ ಇಟ್ಟಾರ ಅಂತ ಸಾಹೇಬ್ರು ಖುಷಿ ಆಗ್ಬೇಕು."

ಎಲ್ಲಾರೂ ಹೌದಂದ್ರು. ನನ್ನ ಗಂಡ ಒಬ್ಬಾಂವ ಮಾತ್ರ ತಲಿ ಕೆರಕೊಂಡು, "ಕರೀ ಕಲ್ಲಲೇ ಅದು, ಸುಣ್ಣಾ ಹಿಡೀತೈತೋ ಇಲ್ಲೋ" ಅಂದ. ಸುಣ್ಣದ ಕೆಲಸ ಅವಂದ. ಗಂಡನ ಹೆಸರು ಹೇಳಬಾರದಂತಾರ, ಸತ್ತವನ ಹೆಸರು ನಾ ಹೇಳದ ಇನ್ಯಾರು ಹೇಳ್ಬೇಕು? ಗುಡದಪ್ಪ. ಸುತ್ತ ನಾಕು ಊರಾಗ ಯಾರ ಮನಿ ಮದುವಿ ಆದ್ರೂ ಗೋಡಿ ಬಳ್ಯಾಕ ಅಂವನ ಬೇಕು. ನಾ ಗದರಿಸಿದೆ, "ನಿನ್ನ ಕೈಲೆ ಹಿಡೀಲಾರದ ಸುಣ್ಣಾ ಯಾವುದೈತೋ ಮಾರಾಯಾ? ಮನಿ ಉಳೀಬೇಕೋ ಬ್ಯಾಡೋ?" ಅಂದೆ. ಅಂವ ಸುಮ್ಮನ ಎದ್ದು ಸುಣ್ಣಾ ನೆನಿಹಾಕಿದ.

ನಾಕು ದಿನ ಬಳದ. ಗೋಡಿ, ಕಂಬ, ಕಂಬದ ಮ್ಯಾಲಿನ ಕುಣಿಯೋ ಹೆಣ್ಣಮಕ್ಕಳು, ಆನಿಸಾಲು, ಎಲ್ಲಾದಕ್ಕೂ ಎರಡೆರಡು ಸಲ. ಕಲ್ಲಿನ ಜಾಲರಿಯೊಳಗ ಕುಂಚ ಹೋಗದಿದ್ರ ಬಟ್ಟಿ ತುರುಕಿ ಬಳದ. ಮ್ಯಾಲಿನ ತೊಲಿಗೆ ಸುಣ್ಣಾ ಸಾಲಲಿಲ್ಲ. ಕೆಲಸ ಮುಗಿದ ಮ್ಯಾಲೆ ದೃಷ್ಟಿ ಆಗಬಾರದಂತ ಒಂದು ಕೈ ಒತ್ತೂದು ನಮ್ಮ ಕಡೆ ರೂಢಿ. ಬಕೀಟಿನ ತಳದಾಗ ಉಳಿದ ಸುಣ್ಣದಾಗ ಕೈ ಅದ್ದಿ, ನಿಚ್ಚಣಿಕಿ ಮ್ಯಾಲೆ ನಿಂತು ಬರಿಗಲ್ಲಿನ ತೊಲಿಗೆ ಒತ್ತಿದ. ಹದಿನೇಳರ ಮಾಲತೇಶ ಕೆಳಗ ನಿಚ್ಚಣಿಕಿ ಹಿಡದಿದ್ದ. ಸಂಜಿ ಮುಂದ ನೋಡಿದ್ರ ಗುಡಿ ಹಾಲಿನ್ಯಾಗ ತೊಳದಂಗ ಇತ್ತು. ಸುಣ್ಣಾ ಸುಟ್ಟು ಅವನ ಅಂಗೈ ಬಿರಿದಿತ್ತು. ನಾ ಕೊಬ್ರಿ ಎಣ್ಣಿ ಹಚ್ಚಿ, "ನೋಡ್ತಿರು, ಸಾಹೇಬ್ರು ನಿನಗ ಹಾರಾ ಹಾಕ್ತಾರ" ಅಂದೆ.

ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು. ಸಾಹೇಬ್ರು ಜೀಪಿನಿಂದ ಇಳದು ಬಾಗಲದಾಗ ನಿಂತ್ರು. ಒಳಗ ಬರಲಿಲ್ಲ. ಮಾರಿ ಬಿಳಿಚಿತು. "ಯಾರು ಮಾಡಿದ್ದು ಇದು?" ಅಂದ್ರು. ನನ್ನ ಗಂಡ, ಪಾಪ, ಹಾರಾ ಹಾಕ್ತಾರಂತ ತಿಳಕೊಂಡು, ರುಮಾಲು ಸರಿ ಮಾಡಿಕೊಂಡು ಮುಂದ ಬಂದ. "ನಾನರಿ" ಅಂದ.

ಆರು ತಿಂಗಳಿಗೆ ಕಾಗದ ಬಂತು. ನಮ್ಮಿಂದ ಗುಡಿಗೆ ಧಕ್ಕಿ ಐತಂತ, ಹನ್ನೊಂದು ಮನಿ ಖಾಲಿ ಮಾಡ್ಬೇಕಂತ. ಊರ ಹೊರಗ ಮಡ್ಡಿ ಮ್ಯಾಲೆ ತಗಡಿನ ಮನಿ ಕೊಟ್ರು. ನೀರಿಗೆ ಒಂದು ಮೈಲಿ ನಡೀಬೇಕು. ನಮ್ಮನ್ನ ತಗದ ಮ್ಯಾಲೆ ಗುತ್ತಿಗಿಯವ್ರು ಬಂದು, ಎಂಥಾದೋ ಆಸಿಡ್ ಹೊಯ್ದು ತಂತಿ ಬ್ರಶ್ಶಿನಿಂದ ಸುಣ್ಣಾ ತಿಕ್ಕಿದ್ರು. ಸುಣ್ಣದ ಕೂಡ ಕುಣಿಯೋ ಹೆಣ್ಣಮಕ್ಕಳ ಮೂಗೂ ಹೋದುವು. ಅದನ್ನ ಯಾರೂ ಬರಕೊಳ್ಳಲಿಲ್ಲ.

ಮಡ್ಡಿ ಮ್ಯಾಲೆ ಎಲ್ಲಾರೂ ನನ್ನ ಗಂಡನ್ನ ಅಂದಾಡಿದ್ರು. "ಗುಡದಪ್ಪನ ಸುಣ್ಣಾ ನಮ್ಮನ್ನ ಬೀದಿಗೆ ತಂತು" ಅಂತ ಬಾವಿ ಕಟ್ಟಿ ಮ್ಯಾಲೆ, ಬಸ್‌ಸ್ಟ್ಯಾಂಡಿನ್ಯಾಗ, ಅವನ ಮಾರಿಗೇ. "ನನ್ನ ಹೇಣ್ತಿ ಹೇಳಿದ್ಲು" ಅಂತ ಒಂದ ಒಂದು ಸಲ ಅಂವ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕುಂಚ ಮತ್ತ ಮುಟ್ಟಲಿಲ್ಲ. ಮೂರನೇ ಬ್ಯಾಸಿಗ್ಯಾಗ ಹೋಗಿಬಿಟ್ಟ. ನಾ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ತುಂಬು, ಅಂದ್ರ ತೊಟ್ಟು, ಮುರಿಯಾಕ ಹೊಂಟೆ. ದಿನಾ ಕೈ ಉರೀತಾವ. ಉರೀಲಿ ಅಂತೇನಿ, ಅವಂದೂ ಉರಿದಿತ್ತಲಾ.

ಮಾಲತೇಶ ಅದ ಗುಡ್ಯಾಗ ಗೈಡ ಆದ. ಎಸ್ಸೆಸ್ಸೆಲ್ಸಿ ಪಾಸು, ನಾಕು ಮಾತು ಇಂಗ್ಲೀಷು, ತಲಿ ಮ್ಯಾಲೆ ಟೊಪಗಿ. ಅಂವ ಗೈಡ ಆಗಿ ಎಂಟು ವರ್ಷ ಆದ್ರೂ ನಾ ಆ ಬಾಗಲಾ ದಾಟಿರಲಿಲ್ಲ. ನಾ ಹಡದ ಜಾಗಾ ನೋಡಾಕ ನಾ ಟಿಕೀಟು ತಗಸಬೇಕೇನು? ಅಂವ ಮಾತ್ರ ಆಗಾಗ ಹೇಳ್ತಿದ್ದ: "ಅಪ್ಪನ ಕೈ ತೊಲಿ ಮ್ಯಾಲೆ ಹಂಗ ಐತಬೇ. ತಿಕ್ಕಿದವರಿಗೆ ನಿಲುಕಿಲ್ಲ. ಒಂದ ಸೋಮವಾರ ಸಂಜಿ ಮುಂದ ಬಾ, ಮಂದಿ ಇರೂದಿಲ್ಲ, ತೋರಸ್ತೇನಿ. ಐತವಾರ ಮಾತ್ರ ಬರಬ್ಯಾಡ."

ಐತವಾರ ಯಾಕ ಬ್ಯಾಡ? ನನ್ನ ಹರಕ ಸೀರಿ, ಮೆಣಸಿನಕಾಯಿ ಘಾಟು, ಮಂದಿ ಮುಂದ ಇವಂಗ ನಾಚಿಕಿ ಅಂತ ನಾ ತಿಳಕೊಂಡೆ. ತೊಂಬತ್ತಾರರಾಗ, ದೀಪಾವಳಿ ಮುಗಿದ ಮರುವಾರ, ನೋಡೇಬಿಡ್ತೇನಿ ಅಂತ ಐತವಾರನ ಹೋದೆ.

ಬಾಗಲದಾಗ ಉಡಚಪ್ಪ ಟಿಕೀಟು ಹರೀತಿದ್ದ. ಅಂವನೂ ನಮ್ಮ ಹನ್ನೊಂದು ಮನಿಯಾಗಿನವನ, ನನ್ನ ಎಮ್ಮಿ ಹಾಲು ಕುಡದು ಬೆಳದಾಂವ. "ಟಿಕೀಟು ತಗೋಬೇಕಾಗ್ತೈತಿ ಚಿಗವ್ವಾ" ಅಂದ, ಮಾರಿ ಆ ಕಡೆ ತಿರುವಿ. ತಗೊಂಡೆ. ನನ್ನ ಒಲಿ ಇದ್ದ ಜಾಗದಾಗ ಹುಲ್ಲು ಹಚ್ಚಿ ತಂತಿ ಬಿಗದಿದ್ರು. ಕಟ್ಟಿ ಮ್ಯಾಲೆ ಚಿಪ್ಸಿನ ಹಾಳಿ, ಹಿಂದಿನ ಗೋಡಿಗೆ ಬಾಣದ ಗುರ್ತು ಮಾಡಿ ಯಾರೋ ತಮ್ಮ ಹೆಸರು, ಯಾರದೋ ಹೆಸರು ಕೆತ್ತಿದ್ರು. ಇದರಿಂದ ಗುಡಿಗೆ ಧಕ್ಕಿ ಇಲ್ಲಂತ ಕಾಣ್ತೈತಿ.

ಮಂಟಪದಾಗ ನಲವತ್ತು ಮಂದಿ, ನಡಕ ನನ್ನ ಮಗ. ನಾ ಕಂಬದ ಮರಿಗೆ ನಿಂತೆ.

"ನೋಡಿ ಸ್ವಾಮಿ," ಅಂದ, ರೇಡಿಯೋದವರಂಗ. "ಹಿಂದೆ ಇಲ್ಲಿ ವಾಸವಾಗಿದ್ದ ತಿಳಿವಳಿಕೆ ಇಲ್ಲದ ಜನ ಈ ಶಿಲ್ಪಗಳಿಗೆಲ್ಲ ಸುಣ್ಣ ಬಳಿದಿದ್ದರು! ನರ್ತಕಿಯರಿಗೆ ಪೌಡರ್ ಹಚ್ಚಿದ್ದರು!"

ಮಂದಿ ನಕ್ರು. ಒಬ್ಬಾಕಿ ಸೆರಗು ಬಾಯಿಗೆ ಹಿಡದು ನಕ್ಕಳು. ನನ್ನ ಎದಿಯೊಳಗ ಒಲಿ ಹೊತ್ತಿದಂಗಾತು. ಹಡದಪ್ಪನ್ನ ಹಿಂಗ ಆಡ್ಕೋತಾನ ಈ ಭಾಡ್ಯಾ?

ಅಷ್ಟಕ್ಕ ಬಿಡಲಿಲ್ಲ. ಕೈ ಮ್ಯಾಲೆತ್ತಿ ತೊಲಿ ತೋರಿಸಿದ. ಎಲ್ಲಾರೂ ಕತ್ತೆತ್ತಿದ್ರು, ನಾನೂ ಎತ್ತಿದೆ. ಅಲ್ಲಿತ್ತು. ಐದು ಬೆರಳು, ಕಡೀದು ಅರ್ಧ. ನಿನ್ನೆ ಒತ್ತಿದಂಗ ಬೆಳ್ಳಗ. ನನ್ನ ಕಣ್ಣಾಗ ನೀರು ತುಂಬಿ ಕೈ ಎರಡೆರಡಾಗಿ ಕಂಡಿತು.

"ಇದು ಈ ಗುಡಿ ಕಟ್ಟಿದ ಮಹಾಶಿಲ್ಪಿಯ ಹಸ್ತ. ಇಂಥ ಇನ್ನೊಂದು ಗುಡಿ ಕಟ್ಟಬಾರದು ಅಂತ ರಾಜ ಅವನ ಬೆರಳು ಕತ್ತರಿಸಿದ. ನೋಡಿ, ಕಿರುಬೆರಳು ಅರ್ಧ ಮಾತ್ರ ಇದೆ."

ನಕ್ಕವರೆಲ್ಲಾ ಅಯ್ಯೋ ಅಂದ್ರು. ನಕ್ಕಾಕೀನ ಕೈ ಮುಗದಳು. ನನಗ ತಡೀಲಾರದಾತು. ಬಳದವನಿಗೆ ಬೈಗಳಾ, ಅವನ ಕೈಗೆ ನಮಸ್ಕಾರ! ಅದೂ ಯಾರದೋ ಹೆಸರಿಲೆ!

"ಏ ಮಾಲತೇಶಾ!" ಅಂತ ಒದರಿದೆ. "ಯಾವ ರಾಜನೂ ಕತ್ತರಿಸಿಲ್ಲೋ! ಬಾವಿ ಗಡಗಡಿಯಾಗ ಸಿಕ್ಕು ಹೋದ ಬೆರಳದು! ಕೇಳ್ರಿ ಎಲ್ಲಾರೂ, ಅದು ನನ್ನ ಗಂಡನ ಕೈ. ಗುಡದಪ್ಪನ ಕೈ. ಸುಣ್ಣಾ ಬಳದಾಂವ ಅಂವನ, ಬಳೀ ಅಂತ ಹೇಳಿದಾಕಿ ನಾನ!"

ಹನ್ನೊಂದು ವರ್ಷ ನುಂಗಿದ ಮಾತು. ಹೊರಗ ಬಂದ ಕೂಡ್ಲೆ ಮೈ ಹಗುರಾತು, ಸುಳ್ಳ್ಯಾಕ ಹೇಳ್ಲಿ. ಮಾಲತೇಶ ಮಾತ್ರ ಗೋಡಿ ಹಿಡಕೊಂಡು ನಿಂತಿದ್ದ. "ಅವ್ವಾ, ಸಾಕಬೇ," ಅಂದ, ಸಣ್ಣ ದನಿಲೆ. ಹುಬ್ಬಳ್ಳಿಯಿಂದ ಬಂದ ಕನ್ನಡಕದ ಮಾಸ್ತರ ಒಬ್ಬ ಹತ್ರ ಬಂದು, "ಅಂದ್ರ ಇದೂ ಅದ ಸುಣ್ಣಾ ಏನ್ರಿ ಅಜ್ಜಿ? ಎಷ್ಟನೇ ಇಸವಿ?" ಅಂತ ಕೇಳಿದ. ಹೇಳಿದೆ. ಡೈರ್‍ಯಾಗ ಬರಕೊಂಡ. "ಖರೇ ಹೇಳಿದ್ರಿ, ಛಲೋ ಮಾಡಿದ್ರಿ," ಅಂದ. ಯಾರೋ ನನ್ನ ಗಂಡನ ಹೆಸರು ಬರಕೊಂಡ್ರಲಾ ಅಂತ ನಾ ಹಿಗ್ಗಿದೆ.

ಹದಿನೈದು ದಿನಕ್ಕ, ಬ್ಯಾಡಗಿಯಿಂದ ಬಸ್ಸಿಳದು ಬರೂವಾಗ ಉಡಚಪ್ಪ ದಾರ್‍ಯಾಗ ನಿಂತಿದ್ದ. "ಚಿಗವ್ವಾ, ಇವತ್ತ ಇಬ್ಬರು ಬಂದಿದ್ರು. ಉದ್ದನ ನಿಚ್ಚಣಿಕಿ ತಂದಿದ್ರು" ಅಂದ. ಮುಂದಿಂದು ಹೇಳೂದು ಬ್ಯಾಡಾಗಿತ್ತು. ಯಾರೋ ಬರದ ಕಾಗದ ಮ್ಯಾಲಿನವರಿಗೆ ಮುಟ್ಟಿತ್ತು, ಗುಡ್ಯಾಗ ಇನ್ನೂ ಸುಣ್ಣಾ ಉಳದೈತಿ ಅಂತ.

ಮನ್ಯಾಗ ಮಾಲತೇಶ ಟೊಪಗಿ ತೊಡಿ ಮ್ಯಾಲಿಟ್ಟುಕೊಂಡು ಕುಂತಿದ್ದ. ಬೈತಾನಂತ ಕಾದೆ. ಬೈಲಿಲ್ಲ.

"ನಿಲುಕಲಿಲ್ಲ ಅಂತ ಬಿಟ್ಟಿದ್ದಿಲ್ಲಬೇ," ಅಂದ. "ಆಗ ಗುತ್ತಿಗಿಯವ್ರು ಅದನ್ನೂ ತಿಕ್ಕಾಕ ನಿಚ್ಚಣಿಕಿ ಹಚ್ಚಿದ್ರು. ಅವತ್ತ ನಾನ ಓಡಿಹೋಗಿ, ಅದು ಸುಣ್ಣಾ ಅಲ್ಲರಿ ಸಾಹೇಬ್ರ, ಗುಡಿ ಕಟ್ಟಿದಾಂವನ ಕೈ, ಹಿರ್‍ಯಾರು ಹೇಳ್ತಾರ ಅಂದೆ. ನಂಬಿ ಇಳದ್ರು. ಅವತ್ತಿಂದ ಸುಳ್ಳಿಗೆ ಸುಳ್ಳು ಕಟ್ಕೋತ ಅಪ್ಪನ್ನ ಮ್ಯಾಲಿಟ್ಟಿದ್ದೆ."

"ಮತ್ತ ಬೈದ್ಯಲ್ಲೋ, ತಿಳಿವಳಿಕಿ ಇಲ್ಲದವ್ರು ಅಂತ?"

"ಬೈದ್ರ ಆ ಕೈ ನಮ್ಮ ಅಪ್ಪಂದು ಅಂತ ಯಾರಿಗೆ ಅನುಮಾನ ಬರ್ತೈತಿ?"

"ನನಗರೆ ಹೇಳಬಾರದಿತ್ತೇನು?" ಅಂದೆ.

"ಹೇಳಿದ್ರ ನಿನ್ನ ಬಾಯಾಗ ನಿಂದ್ರತಿತ್ತೇನಬೇ?"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರ. ನಾ ಎರಡು ಸಲ ಆಡಿದೆ. ಒಂದು ಸಲಕ್ಕ ಮನಿ ಹೋತು, ಇನ್ನೊಂದು ಸಲಕ್ಕ ತೊಲಿ ಮ್ಯಾಲೆ ಉಳದಿದ್ದ ಅಂವ ಹೋದ.

ಮರುದಿನ ಸೋಮವಾರ. ಸಂಜಿ ಮುಂದ ಹೋದೆ, ಮಗ ಕರದಂಗ. ಉಡಚಪ್ಪ ಟಿಕೀಟು ಕೇಳಲಿಲ್ಲ. ತೊಲಿ ಮ್ಯಾಲೆ ಅಂಗೈ ಅಗಲ ಜಾಗಾ ಉಳಿದ ಕಲ್ಲಿಗಿಂತ ಸ್ವಚ್ಛ ಇತ್ತು, ಉಜ್ಜಿ ಉಜ್ಜಿ ಬೂದಿ ಬಣ್ಣ ಬಂದಿತ್ತು. ಕತ್ತು ನೋವು ಬರೂತನಕ ನೋಡಿದೆ. ಅಷ್ಟರಾಗ ಬೆಂಗಳೂರ ಕಡೆಯವ್ರು ಗಂಡ ಹೇಣ್ತಿ ಇಬ್ಬರು ಒಳಗ ಬಂದ್ರು. ನಾ ಮ್ಯಾಲೆ ನೋಡೂದು ಕಂಡು ಆಕೀನೂ ನೋಡಿ, "ಅಲ್ಲೇನಿದೆ ಗೈಡ್?" ಅಂದಳು.

ಮಾಲತೇಶ ನನ್ನ ಮಾರಿ ನೋಡಿದ. ನಾ ಬಾಯಿ ತಗೀಲಿಲ್ಲ.

"ಅಲ್ಲೇನೂ ಇಲ್ಲ ಮೇಡಂ," ಅಂದ. "ಈ ಕಡೆ ಬನ್ನಿ."